ಇಂಜಿನ್ನಿನ ಬಡಿತ: ಕೇಳುವ ಬಗೆ, ಅರಿಯುವ ಬಗೆ

ಮನುಷ್ಯನಿಗೆ ಜ್ವರ ಬಂದರೆ ಮೈ ಮುಟ್ಟಿ ನೋಡುತ್ತೇವೆ. ಹಸುವಿಗೆ ಬೇನೆಯಾದರೆ ಅದು ಮೇವು ಬಿಟ್ಟುದನ್ನು ಕಂಡು ತಿಳಿಯುತ್ತೇವೆ. ಯಂತ್ರಕ್ಕಾದರೋ ಬೇನೆ ಹೇಳಿಕೊಳ್ಳಲು ಇರುವುದು ಸದ್ದೊಂದೇ. ಆ ಸದ್ದನ್ನು ಕೇಳಬಲ್ಲ ಕಿವಿ, ಕೇಳಿದ್ದನ್ನು ಪರೀಕ್ಷಿಸಬಲ್ಲ ಬುದ್ಧಿ ಎರಡೂ ಕೂಡಿದರೆ ಎಷ್ಟೋ ಯಂತ್ರಗಳು ಗುಜರಿಗೆ ಹೋಗದೆ ಉಳಿಯುತ್ತವೆ; ಅವುಗಳನ್ನು ನಂಬಿದ ಎಷ್ಟೋ ಮನೆಗಳ ಒಲೆಯೂ ಉರಿಯುತ್ತದೆ.

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಇಂಜಿನ್ನಿನ ವಿಚಾರ ಬರೆಯಹೊರಟುದನ್ನು ಕಂಡು ಸಹಪಾಠಿಗಳು ನಗಬಹುದು. ಆದರೆ ಇದನ್ನು ಬರೆಯಲು ನನಗೆ ಎರಡು ಕಾರಣಗಳಿವೆ. ಮೊದಲನೆಯದು, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನನ್ನು ಆ ಮೆಟ್ಟಿಲಿನವರೆಗೆ ತಂದದ್ದು ಅಕ್ಷರಶಃ ಒಂದು ಮೋಟಾರು ಸೈಕಲ್ಲು. ಎರಡನೆಯದು, ತರ್ಕಶಾಸ್ತ್ರದ ತರಗತಿಯಲ್ಲಿ ಕಾರ್ಯಕಾರಣ ಸಂಬಂಧವನ್ನು ಹುಡುಕುವ ವಿಧಾನವೆಂದು ನಾವು ಓದುವುದು ಯಾವುದೋ, ಅದನ್ನೇ ಒಬ್ಬ ಹಿರಿಯ ಫಿಟ್ಟರು ಸ್ಪ್ಯಾನರು, ಸೀಸದ ತಂತಿಗಳಿಂದ ಮಾಡಿ ತೋರಿಸಿದರು. ಅದನ್ನು ಕಣ್ಣಾರೆ ಕಂಡ ಮೇಲೆ ಬರೆದಿಡದೆ ಇರುವುದು ಸರಿಯೆನಿಸಲಿಲ್ಲ.

ಮೊದಲು ಗಾಡಿಯ ವಿಚಾರ. ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿ ಹೊರಟರೆ ಗಾಡಿಕೊಪ್ಪ ದಾಟಿದ ಮೇಲೆ ತ್ಯಾವರೆಕೊಪ್ಪ ಸಿಗುತ್ತದೆ. ಹೊರಗಿನವರಿಗೆ ಈ ಊರು ಗೊತ್ತಿರುವುದು 1988ರಲ್ಲಿ ಆರಂಭವಾದ ಹುಲಿ-ಸಿಂಹಧಾಮದಿಂದ. ನಮಗೆ ಅದು ಹೊಲ, ಹಸು, ಹಾಲಿನ ಕ್ಯಾನುಗಳ ಊರು. ನನ್ನ ಸೋದರಮಾವ ಪ್ರತಿದಿನ ಬೆಳಗಿನ ಜಾವ ಸುತ್ತಿನ ಹಳ್ಳಿಗಳ ಹಾಲನ್ನು ಕೂಡಿಸಿ ಪೇಟೆಯ ಮನೆಗಳಿಗೆ ಮುಟ್ಟಿಸುವವರು. ಅವರ ವಾಹನ ಒಂದು ಹಳೆಯ ಯೆಜ್ಡಿ ರೋಡ್ ಕಿಂಗ್. ಎರಡೂ ಪಕ್ಕಕ್ಕೆ ಕ್ಯಾನು ಕಟ್ಟಿ ಹೊರಟರೆ ಎಂಥ ಏರನ್ನೂ ಲೆಕ್ಕಿಸದ ಗಾಡಿ.

ಈ ಗಾಡಿಯ ಹುಟ್ಟೂರು ನಮ್ಮ ಮೈಸೂರೇ ಎಂಬುದು ಈಗಿನ ಅನೇಕ ಗೆಳೆಯರಿಗೆ ತಿಳಿಯದು. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಅವರು ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಸಹಯೋಗದಿಂದ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಿಂದ ಅಲ್ಲಿ ಜಾವಾ ಮೋಟಾರು ಸೈಕಲ್ಲುಗಳು ತಯಾರಾದವು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಬೇರೆಯ ಕಂಪನಿಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂದುವಾದರೂ, ಅವು ನಾಲ್ಕು ಹೊಡೆತದ ಹೊಸ ಇಂಜಿನ್ನುಗಳು. ಹಳೆಯ ಎರಡು ಹೊಡೆತದ ಗಾಡಿಗಳು ಇಂದಿಗೂ ಓಡುತ್ತಿರುವುದು ಹಳ್ಳಿ ಪೇಟೆಗಳ ಮೇಸ್ತ್ರಿಗಳ ಕೈಚಳಕದಿಂದ. ಕಾರ್ಖಾನೆಯೇ ಇಲ್ಲದ ಮೇಲೆ ಬಿಡಿಭಾಗ ಸಿಕ್ಕಲ್ಲಿ ಕೊಳ್ಳಬೇಕು, ಸಿಕ್ಕದಿದ್ದರೆ ಲೇತಿನಲ್ಲಿ ಕಡೆಸಬೇಕು. ನಮ್ಮ ಕಥೆ ಹುಟ್ಟುವುದೂ ಇಲ್ಲಿಯೇ.

ಮಾವನ ಗಾಡಿಯ ಸಿಲಿಂಡರ್ ಹೆಡ್ಡಿನಲ್ಲಿ ಪ್ಲಗ್ಗು ಕೂರುವ ಮರೆ ಸವೆದು ಪ್ಲಗ್ಗು ನಿಲ್ಲದಂತಾಯಿತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಬೇರೆ ಹೆಡ್ಡನ್ನು ಹಾಕಿಕೊಟ್ಟರು. ಅದು ಕಂಪನಿಯ ಹೆಡ್ಡಲ್ಲ; ಅಡಿಭಾಗವನ್ನು ಲೇತಿನಲ್ಲಿ ಕಡೆದು ತಗ್ಗಿಸಿದ್ದು. "ಪಿಕಪ್ಪು ಜಾಸ್ತಿ ಬರುತ್ತೆ" ಎಂಬ ಮಾತೂ ಜೊತೆಗೆ ಬಂತು. ಪಿಕಪ್ಪು ಬಂದದ್ದೂ ನಿಜ. ಆದರೆ ಮರುದಿನ ಕ್ಯಾನು ಹೇರಿಕೊಂಡು ಏರು ಹತ್ತುವಾಗ ಇಂಜಿನ್ನಿನೊಳಗೆ ಯಾರೋ ಸಣ್ಣ ಸುತ್ತಿಗೆಯಿಂದ ಬಡಿದಂತೆ ಟಿಣ್ ಟಿಣ್ ಎಂಬ ಸದ್ದು. ಮತ್ತೆ ಅದೇ ಗ್ಯಾರೇಜಿಗೆ ಒಯ್ದರೆ, ಪಿಸ್ಟನ್ನು, ಕನೆಕ್ಟಿಂಗ್ ರಾಡು, ಬೋರು ಎಲ್ಲವೂ ಹೋಗಿವೆ, ಎಲ್ಲವನ್ನೂ ಬದಲಿಸಬೇಕೆಂದರು. ಅವರು ಹೇಳಿದ ಮೊತ್ತ ನನ್ನ ಒಂದು ವರ್ಷದ ಕಾಲೇಜು ಖರ್ಚಿಗಿಂತ ದೊಡ್ಡದು. ಗಾಡಿ ನಿಂತರೆ ಹಾಲಿನ ವರ್ತನೆ ನಿಲ್ಲುತ್ತದೆ. ವರ್ತನೆ ಒಂದು ವಾರ ತಪ್ಪಿದರೆ ಮನೆಗಳವರು ಬೇರೆಯವರನ್ನು ಹಿಡಿಯುತ್ತಾರೆ. ಗಾಡಿಯನ್ನು ಸಿಕ್ಕಿದ ಬೆಲೆಗೆ ಮಾರಿಬಿಡುವ ಮಾತು ಮನೆಯಲ್ಲಿ ನಡೆದಿತ್ತು.

ಆಗ ನೆನಪಾದವರು ಊರಿನ ಪಕ್ಕದಲ್ಲೇ ಇರುವ ಒಬ್ಬ ಹಿರಿಯರು. ಭದ್ರಾವತಿಯ ಕಬ್ಬಿಣ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. 1923ರಲ್ಲಿ ಕೆಲಸ ಆರಂಭಿಸಿದ ಆ ಕಾರ್ಖಾನೆ ನಮ್ಮ ಸೀಮೆಗೆ ಕಬ್ಬಿಣವನ್ನಷ್ಟೇ ಅಲ್ಲ, ಕಬ್ಬಿಣದ ಮನಸ್ಸನ್ನು ಬಲ್ಲ ಇಂಥ ಕುಶಲಿಗಳನ್ನೂ ಕೊಟ್ಟಿದೆ. ಊರಿನ ಹುಡುಗರೆಲ್ಲ ಅವರನ್ನು ಫಿಟ್ಟರ್ ತಾತ ಎಂದೇ ಕರೆಯುವುದು. ಅವರು ಎರಡು ದಿನ ನಡೆಸಿದ ಪರೀಕ್ಷೆಯನ್ನು ಹೇಳುವ ಮೊದಲು, ಬಡಿತವೆಂದರೇನು ಎಂಬುದನ್ನು ಸ್ವಲ್ಪ ವಿವರಿಸಬೇಕು.

ಎರಡು ಹೊಡೆತದ ಇಂಜಿನ್ನಿನ ಹೆಡ್ಡಿನಲ್ಲಿ ವಾಲ್ವುಗಳಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಆಡುತ್ತ ಸಿಲಿಂಡರಿನ ಗೋಡೆಯ ಕಂಡಿಗಳನ್ನು ತೆರೆದು ಮುಚ್ಚುತ್ತದೆ. ಹೆಡ್ಡು ಎಂಬುದು ಅಲ್ಯೂಮಿನಿಯಮ್ಮಿನ ಒಂದು ಮುಚ್ಚಳ. ಒಳಗೆ ಬಟ್ಟಲಿನಂಥ ತಗ್ಗು, ಅದರ ನೆತ್ತಿಯಲ್ಲಿ ಪ್ಲಗ್ಗು. ಪಿಸ್ಟನ್ನು ಮೇಲಕ್ಕೆ ಬಂದಾಗ ಪೆಟ್ರೋಲಿನ ಆವಿ ಬೆರೆತ ಗಾಳಿಯೆಲ್ಲ ಆ ಬಟ್ಟಲಿನೊಳಗೆ ಅದುಮಿಕೊಳ್ಳುತ್ತದೆ. ಆಗ ಪ್ಲಗ್ಗಿನ ಕಿಡಿ ಹಾರಿ ಬೆಂಕಿ ಹೊತ್ತುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎರಡು ಹೊಡೆತದ ಇಂಜಿನ್ನಿನಲ್ಲಿ ಸೆಕೆಂಡಿಗೆ 50 ಬಾರಿ ಇದು ನಡೆಯಬೇಕು.

ಬೆಂಕಿ ಒಮ್ಮೆಗೇ ಎಲ್ಲೆಡೆ ಹೊತ್ತುವುದಿಲ್ಲವೆಂಬುದು ಇಲ್ಲಿ ಮುಖ್ಯ. ಒಣಹುಲ್ಲಿನ ಬಯಲಿಗೆ ಒಂದು ತುದಿಯಲ್ಲಿ ಕಿಡಿಯಿಟ್ಟರೆ ಉರಿ ಹೇಗೆ ಸಾಲಾಗಿ ಮುಂದುವರಿಯುವುದೋ, ಹಾಗೆಯೇ ಜ್ವಾಲೆ ಪ್ಲಗ್ಗಿನಿಂದ ಹೊರಟು ಅಂಚಿನ ಕಡೆಗೆ ಸಾಗುತ್ತದೆ. ಇದು ಸರಿಯಾದ ದಹನ. ಆದರೆ ಉರಿದ ಅನಿಲ ಹಿಗ್ಗುತ್ತ, ಇನ್ನೂ ಉರಿಯದೆ ಅಂಚಿನಲ್ಲಿ ಉಳಿದಿರುವ ಮಿಶ್ರಣವನ್ನು ಮತ್ತಷ್ಟು ಅದುಮುತ್ತದೆ, ಕಾಯಿಸುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಅದುಮಿದ ಗಾಳಿ ಕಾಯುತ್ತದೆ. ಆ ಕಾವು ಮಿತಿಮೀರಿದರೆ, ಜ್ವಾಲೆ ತಲುಪುವ ಮೊದಲೇ ಅಂಚಿನ ಮಿಶ್ರಣವೆಲ್ಲ ತಾನಾಗಿ, ಒಂದೇ ಸಲಕ್ಕೆ ಹೊತ್ತಿಬಿಡುತ್ತದೆ. ಅದು ಉರಿಯುವುದಲ್ಲ, ಸಿಡಿಯುವುದು. ಸಿಡಿತದ ಒತ್ತಡದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಸೆಕೆಂಡಿಗೆ ಹಲವು ಸಾವಿರ ಬಾರಿ ಬಡಿಯುತ್ತದೆ. ಲೋಹ ಗಂಟೆಯಂತೆ ನುಡಿಯುತ್ತದೆ. ನಾವು ಕೇಳುವ ಟಿಣ್ ಟಿಣ್ ಸದ್ದು ಅದೇ. ಎಂದರೆ, ಲೋಹಕ್ಕೆ ಲೋಹ ತಾಗಿದಂತೆ ಕೇಳಿದರೂ ಇಲ್ಲಿ ಯಾವ ಲೋಹವೂ ಯಾವುದಕ್ಕೂ ತಾಗಿರುವುದಿಲ್ಲ. ಕಿವಿಗೆ ಆಗುವ ಈ ಭ್ರಮೆಯಿಂದಲೇ ಎಷ್ಟೋ ಒಳ್ಳೆಯ ಪಿಸ್ಟನ್ನುಗಳು, ರಾಡುಗಳು ಸುಮ್ಮನೆ ಬದಲಾಗುತ್ತವೆ.

ಸದ್ದಷ್ಟೇ ಆದರೆ ಸಹಿಸಬಹುದಿತ್ತು. ಉರಿಯುವ ಅನಿಲದ ಶಾಖ 2000 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ್ದು. ಅಲ್ಯೂಮಿನಿಯಂ ಕರಗುವುದು ಸುಮಾರು 660 ಡಿಗ್ರಿಗೆ. ಆದರೂ ಪಿಸ್ಟನ್ನು ಕರಗದೆ ಉಳಿಯುವುದೇಕೆಂದರೆ, ಅದರ ಮೈಗೆ ಅಂಟಿಕೊಂಡು ಅನಿಲದ ಒಂದು ತೆಳುಪದರ ಕಂಬಳಿಯಂತೆ ಕಾಪಾಡುತ್ತಿರುತ್ತದೆ, ಮತ್ತು ತಾಗಿದ ಕಾವು ಬೇಗ ಸಿಲಿಂಡರಿಗೆ ಹರಿದುಹೋಗುತ್ತದೆ. ಸಿಡಿತದ ಅಲೆ ಆ ಕಂಬಳಿಯನ್ನು ಕಿತ್ತೊಗೆಯುತ್ತದೆ. ಆಗ ಕಾವು ನೇರವಾಗಿ ಲೋಹಕ್ಕೆ ನುಗ್ಗಿ, ಪಿಸ್ಟನ್ನಿನ ಅಂಚು ಹುಳು ತಿಂದಂತಾಗುತ್ತದೆ, ರಿಂಗುಗಳು ಹಿಡಿದುಕೊಳ್ಳುತ್ತವೆ, ಕೊನೆಗೆ ನೆತ್ತಿಯಲ್ಲಿ ತೂತೇ ಬೀಳಬಹುದು. ಆದುದರಿಂದ ಬಡಿತ ಕೇಳಿಸಿದ ಮೇಲೂ 'ಓಡುತ್ತದೆಯಲ್ಲ' ಎಂದು ಓಡಿಸುವುದು ಅಪಾಯದ ಕೆಲಸ.

ಈ ವಿಷಯವನ್ನು ಜಗತ್ತು ತಿಳಿದುಕೊಂಡದ್ದು ಸುಮಾರು ನೂರು ವರ್ಷಗಳ ಹಿಂದೆ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಎಂಬ ಇಂಜಿನಿಯರು ಅಂಚಿನ ಮಿಶ್ರಣದ ಸಿಡಿತವೇ ಬಡಿತಕ್ಕೆ ಕಾರಣವೆಂಬುದನ್ನು ಸ್ಪಷ್ಟಪಡಿಸಿದವರಲ್ಲಿ ಪ್ರಮುಖರು. ಮೊದಲ ಮಹಾಯುದ್ಧದ ತರುವಾಯ ಅವರು ಹೊಸ ಬಗೆಯ ಹೆಡ್ಡೊಂದನ್ನು ರೂಪಿಸಿದರು. ಅದರಲ್ಲಿ ಹೆಡ್ಡಿನ ಒಂದು ಭಾಗ ಪಿಸ್ಟನ್ನಿಗೆ ಬಹು ಹತ್ತಿರ ಬರುತ್ತದೆ. ಪಿಸ್ಟನ್ನು ಮೇಲೇರುವಾಗ ಆ ಕಿರಿದಾದ ಸಂದಿನಿಂದ ಮಿಶ್ರಣ ಚಿಮ್ಮಿ ನಡುವಿಗೆ ಬಂದು ಕಲಕುತ್ತದೆ, ಬೆಂಕಿ ಬೇಗ ಹರಡುತ್ತದೆ, ಅಂಚಿನಲ್ಲಿ ಸಿಡಿಯಲು ಉಳಿಯುವುದು ಕಡಿಮೆ. ಅಮೆರಿಕದಲ್ಲಿ ಥಾಮಸ್ ಮಿಜ್ಲಿ ಎಂಬವರು 1921ರಲ್ಲಿ ಬೇರೆಯ ದಾರಿ ಹಿಡಿದು, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸಿದರೆ ಬಡಿತ ನಿಲ್ಲುವುದೆಂದು ಕಂಡರು. ಆ ಸೀಸ ಹೊಗೆಯೊಡನೆ ಮನುಷ್ಯರ ಮೈಗೂ ಸೇರಿತು. ಭಾರತದಲ್ಲಿ 2000ನೆಯ ಇಸವಿಯಲ್ಲಿ ಸೀಸದ ಪೆಟ್ರೋಲು ನಿಂತಿತು, 2021ರಲ್ಲಿ ಅಲ್ಜೀರಿಯ ನಿಲ್ಲಿಸುವುದರೊಂದಿಗೆ ರಸ್ತೆಯ ವಾಹನಗಳಿಗೆ ಅದು ಜಗತ್ತಿನಲ್ಲೇ ಇಲ್ಲವಾಯಿತು. ಒಂದೇ ರೋಗಕ್ಕೆ ಎರಡು ಮದ್ದು: ಒಂದು ಹೆಡ್ಡಿನ ಆಕಾರದಲ್ಲಿ, ಇನ್ನೊಂದು ಪೆಟ್ರೋಲಿನಲ್ಲಿ. ರಿಕಾರ್ಡೊ ಅವರ ಮದ್ದೇ ನಿರಪಾಯವಾದದ್ದೆಂದು ಕಾಲ ತೋರಿಸಿತು. ಹೆಡ್ಡನ್ನು ಮಾರ್ಪಡಿಸುವುದು ತಪ್ಪೇನಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ಅಳತೆಯರಿತು ಮಾರ್ಪಡಿಸಿದರೆ ಬಡಿತ ತಗ್ಗುತ್ತದೆ. ಅಳತೆಯಿಲ್ಲದೆ ಕಡೆದರೆ ಬಡಿತ ಹುಟ್ಟುತ್ತದೆ.

ಪೆಟ್ರೋಲು ಬಡಿತವನ್ನು ಎಷ್ಟರಮಟ್ಟಿಗೆ ತಡೆಯಬಲ್ಲುದೆಂಬುದಕ್ಕೆ ಆಕ್ಟೇನ್ ಸಂಖ್ಯೆ ಎಂದು ಹೆಸರು. ಬಡಿತಕ್ಕೆ ಸುಲಭವಾಗಿ ಬಗ್ಗದ ಐಸೋ-ಆಕ್ಟೇನಿಗೆ ನೂರು, ಬೇಗ ಬಗ್ಗುವ ಹೆಪ್ಟೇನಿಗೆ ಸೊನ್ನೆ ಎಂದಿಟ್ಟುಕೊಂಡು ಈ ಅಳತೆಯನ್ನು ಮಾಡಿದ್ದಾರೆ. ಸಂಖ್ಯೆ ಹೆಚ್ಚಿದಷ್ಟೂ ಹೆಚ್ಚು ಅದುಮಿದರೂ ಸಿಡಿಯದು.

ಇನ್ನು ಫಿಟ್ಟರ್ ತಾತನ ಪರೀಕ್ಷೆಯ ಕ್ರಮ. ಅವರು ಮೊದಲು ಮುಟ್ಟಿದ್ದು ಗಾಡಿಯನ್ನಲ್ಲ. ಮಾವನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಸದ್ದು ಎಂದು ಶುರುವಾಯಿತು? ಹೆಡ್ಡು ಹಾಕುವ ಮೊದಲು ಇತ್ತೇ? ಅದೇ ದಿನ ಬೇರೆ ಏನೇನು ಬದಲಾಯಿತು? ಪ್ಲಗ್ಗು ಹೊಸದೇ, ಗ್ಯಾಸ್ಕೆಟ್ಟು ಹೊಸದೇ, ಟೈಮಿಂಗು ಮುಟ್ಟಿದರೇ? ಸದ್ದು ತಣ್ಣಗಿರುವಾಗಲೋ ಕಾದ ಮೇಲೋ? ಲೋಡಿನಲ್ಲೋ ಖಾಲಿಯಲ್ಲೋ? ನನ್ನ ಕಡೆ ತಿರುಗಿ, "ಕೊನೆಗೆ ಕೈಯಿಟ್ಟ ಜಾಗದ ಮೇಲೆ ಮೊದಲು ಅನುಮಾನ ಪಡಬೇಕು ಕಣಪ್ಪಾ, ಆದರೆ ಅದೊಂದರ ಮೇಲೇ ಪಡಬಾರದು" ಎಂದರು.

ಎರಡನೆಯದು ಕಿವಿಯ ಪರೀಕ್ಷೆ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಬೇರೆಬೇರೆ ಜಾಗಗಳಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಹಚ್ಚಿ ಕೇಳಿದರು. ವೈದ್ಯರ ಸ್ಟೆತಾಸ್ಕೋಪಿನ ಕೆಲಸವನ್ನೇ ಇದು ಮಾಡುತ್ತದೆ. ಇಲ್ಲಿ ಒಂದೊಂದು ಬೇನೆಗೆ ಒಂದೊಂದು ಸದ್ದು. ಅವರಿಂದ ತಿಳಿದುದನ್ನು ಕ್ರಮವಾಗಿ ಹೇಳುತ್ತೇನೆ.

ಇಂಜಿನ್ನು ತಣ್ಣಗಿರುವಾಗ ಟಪಟಪ ಎಂದು, ಕಾದಂತೆ ಕಡಿಮೆಯಾಗುವ ಸದ್ದು ಸವೆದ ಬೋರಿನಲ್ಲಿ ಪಿಸ್ಟನ್ನು ಅಲುಗಾಡುವುದರಿಂದ ಬರುತ್ತದೆ. ಪಿಸ್ಟನ್ನು ಕಾದು ಹಿಗ್ಗಿದಾಗ ಸಂದು ಕಿರಿದಾಗುತ್ತದೆ. ತಗ್ಗಿನಿಂದ ಬರುವ ಗುದ್ದಿದಂಥ ಭಾರವಾದ ಧ್ವನಿ, ಲೋಡು ಬಿದ್ದಾಗ ಹೆಚ್ಚುವುದು, ರಾಡಿನ ಕೆಳಗಿನ ಬೇರಿಂಗಿನದು. ಚಿಟ್ ಚಿಟ್ ಎಂಬ, ಉಸಿರು ಬಿಟ್ಟಂಥ ಸದ್ದು ಹೆಡ್ಡಿನ ಸಂದಿನಿಂದ ಅನಿಲ ಸೋರುವುದರಿಂದ. ಅಲ್ಲಿ ಸೋಪಿನ ನೀರು ಬಿಟ್ಟರೆ ಗುಳ್ಳೆಯೇಳುತ್ತದೆ. ಖಾಲಿ ಗಾಡಿಯಲ್ಲಿಯೂ ವೇಗ ಹೆಚ್ಚಿಸಿದೊಡನೆ ಸುತ್ತಿಗೊಂದರಂತೆ ತಾಳಬದ್ಧವಾಗಿ ಕೇಳುವ ಗಟ್ಟಿ ಹೊಡೆತ ಪಿಸ್ಟನ್ನು ಹೆಡ್ಡಿಗೇ ತಾಗುವುದರ ಗುರುತು. ಕಡೆದ ಹೆಡ್ಡಿನಲ್ಲಿ ಇದರ ಭಯ ಹೆಚ್ಚು, ಏಕೆಂದರೆ ವೇಗದಲ್ಲಿ ಬೇರಿಂಗುಗಳ ಸಡಿಲವೆಲ್ಲ ಕೂಡಿ ಪಿಸ್ಟನ್ನು ನಿಂತಾಗಿನದಕ್ಕಿಂತ ಕೂದಲೆಳೆಯಷ್ಟು ಮೇಲೆ ಬರುತ್ತದೆ. ಕೊನೆಯದು, ಏರಿನಲ್ಲಿ, ಲೋಡಿನಲ್ಲಿ, ಇಂಜಿನ್ನು ಕಾದಿರುವಾಗ, ಮೇಲಿನ ಗೇರಿನಲ್ಲಿ ಎಕ್ಸಲೇಟರು ತಿರುಚಿದಾಗ ಮಾತ್ರ ಟಿಣಟಿಣಿಸಿ, ಎಕ್ಸಲೇಟರು ಬಿಟ್ಟೊಡನೆ ಮಾಯವಾಗುವ ಸದ್ದು. ಇದು ಸಿಡಿತದ ಬಡಿತ.

ಮಾವನ ಗಾಡಿ ಸ್ಟ್ಯಾಂಡಿನ ಮೇಲೆ ಹೆಚ್ಚೇನೂ ನುಡಿಯಲಿಲ್ಲ. ಏರಿನಲ್ಲಿ ಲೋಡಿನೊಡನೆ ಸ್ಪಷ್ಟವಾಗಿ ನುಡಿಯಿತು. ಅನುಮಾನ ಸಿಡಿತದ ಕಡೆ ವಾಲಿತು. ಆದರೆ ಅನುಮಾನವೇ ತೀರ್ಮಾನವಲ್ಲ. ತಾತ ಮುಂದಿನ ಪರೀಕ್ಷೆಗಳನ್ನು ಬಿಡಲಿಲ್ಲ.

ಮೂರನೆಯದು ಕೈಯ ಪರೀಕ್ಷೆ. ಇಂಜಿನ್ನು ಆರಿದ ಮೇಲೆ ಪ್ಲಗ್ಗು ಬಿಚ್ಚಿ, ಕಿಕ್ಕರನ್ನು ಕೈಯಿಂದಲೇ ನಿಧಾನವಾಗಿ ಒತ್ತಿ ಸುತ್ತಿಸಿದರು. ಎಲ್ಲಿಯೂ ತಡೆಯಲಿಲ್ಲ. ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ, ಒಂದೇ ಬಿಗುವಿಗೆ ಬಿಗಿದಿದೆಯೇ ಎಂದು ನೋಡಿದರು. ಒಂದೇ ಕಡೆಯಿಂದ ಸುತ್ತಿ ಬಿಗಿದರೆ ಹೆಡ್ಡು ಸೊಟ್ಟಗೆ ಕೂರುತ್ತದೆ. ಬಿಗುವು ಸರಿಯಿತ್ತು, ಸೋಪಿನ ನೀರಿಗೂ ಗುಳ್ಳೆಯೇಳಲಿಲ್ಲ.

ನಾಲ್ಕನೆಯದು ಪ್ಲಗ್ಗು. ಹಳೆಯ ಪ್ಲಗ್ಗಿನ ಪಕ್ಕದಲ್ಲಿಟ್ಟು ಮರೆಯ ಉದ್ದವನ್ನು ಹೋಲಿಸಿದರು. ಉದ್ದ ಹೆಚ್ಚಾಗಿದ್ದರೆ ಪ್ಲಗ್ಗಿನ ತುದಿಯೇ ಪಿಸ್ಟನ್ನಿಗೆ ಬಡಿಯಬಹುದು, ಅಥವಾ ಒಳಗೆ ಚಾಚಿದ ಮರೆ ಕೆಂಡದಂತೆ ಕಾದು ಕಿಡಿಗಿಂತ ಮೊದಲೇ ಬೆಂಕಿ ಹೊತ್ತಿಸಬಹುದು. ಎರಡೂ ಒಂದೇ ಉದ್ದವಿದ್ದುವು. ಆದರೆ ಪ್ಲಗ್ಗಿನ ಪಿಂಗಾಣಿ, ಇರಬೇಕಾದ ಕಾಫಿಬಣ್ಣದ ಬದಲು ಬಿಳಿಚಿಕೊಂಡಿತ್ತು. ಬಿಸಿಲಿಗೆ ಹಿಡಿದು ನೋಡಿದರೆ ಅದರ ಮೇಲೆ ಸಾಸಿವೆಗಿಂತ ಸಣ್ಣನೆಯ ಬೂದುಬಣ್ಣದ ಹೊಳೆಯುವ ಚುಕ್ಕೆಗಳು. ಅವು ಪಿಸ್ಟನ್ನಿನಿಂದ ಎದ್ದುಬಂದ ಅಲ್ಯೂಮಿನಿಯಮ್ಮಿನ ಕಣಗಳು. ತಾತ ಆ ಪ್ಲಗ್ಗನ್ನು ಮಾವನ ಅಂಗೈಯಲ್ಲಿಟ್ಟು, "ಇನ್ನು ಹದಿನೈದು ದಿನ ಹೀಗೇ ಓಡಿಸಿದ್ದರೆ ನಿಜವಾಗಿಯೂ ಪಿಸ್ಟನ್ನು ಹೋಗೋದು" ಎಂದರು.

ಐದನೆಯದು ಸೀಸದ ತಂತಿಯ ಪರೀಕ್ಷೆ. ರೇಡಿಯೋ ರಿಪೇರಿಯವರು ಬೆಸುಗೆಗೆ ಬಳಸುವ ಮೆತ್ತನೆಯ ತಂತಿ, ಎರಡು ಮಿಲಿಮೀಟರು ದಪ್ಪದ್ದು. ಅದನ್ನು ಬಗ್ಗಿಸಿ ಪ್ಲಗ್ಗಿನ ತೂತಿನಿಂದ ಒಳಗಿಳಿಸಿ, ತುದಿ ಸಿಲಿಂಡರಿನ ಗೋಡೆಗೆ ತಾಗುವಂತೆ ಹಿಡಿದು, ಇಂಜಿನ್ನನ್ನು ಒಂದು ಸುತ್ತು ಸುತ್ತಿಸಬೇಕು. ಪಿಸ್ಟನ್ನು ಮೇಲೆ ಬಂದಾಗ ತಂತಿಯನ್ನು ಹೆಡ್ಡಿಗೆ ಒತ್ತಿ ಚಪ್ಪಟೆ ಮಾಡುತ್ತದೆ. ಚಪ್ಪಟೆಯಾದ ತುದಿಯ ದಪ್ಪವೇ ಪಿಸ್ಟನ್ನಿನ ಅಂಚಿಗೂ ಹೆಡ್ಡಿಗೂ ನಡುವಿನ ಸಂದು. ಪಿಸ್ಟನ್ನು ತನ್ನ ಪಿನ್ನಿನ ಮೇಲೆ ತೂಗಾಡುವುದರಿಂದ, ಪಿನ್ನಿನ ಸಾಲಿನಲ್ಲೇ ಎರಡೂ ಪಕ್ಕ ಅಳೆಯಬೇಕು. ವರ್ನಿಯರಿನಲ್ಲಿ ನೋಡಿದರೆ ಎರಡು ಪಕ್ಕವೂ 0.7 ಮಿ.ಮೀ. ಈ ಗಾತ್ರದ ಇಂಜಿನ್ನಿಗೆ ಸುಮಾರು 1ರಿಂದ 1.5 ಮಿ.ಮೀ. ಸಂದಿದ್ದರೆ ಕ್ಷೇಮವೆಂಬುದು ರೂಢಿ. ತಾಗಿಲ್ಲ ನಿಜ, ಆದರೆ ಹತ್ತಿರವಾಯಿತು. ಎರಡೂ ಪಕ್ಕ ಸಮನಾಗಿರುವುದರಿಂದ ಹೆಡ್ಡು ಸೊಟ್ಟಗೆ ಕೂತಿಲ್ಲವೆಂಬುದೂ ಖಚಿತವಾಯಿತು.

ಆರನೆಯದು ನನ್ನ ಪಾಲಿಗೆ ಬಂದ ಲೆಕ್ಕ. ಪಿಸ್ಟನ್ನನ್ನು ಮೇಲ್ತುದಿಯಲ್ಲಿ ನಿಲ್ಲಿಸಿ, ಸುತ್ತಲೂ ಎಣ್ಣೆ ಇಳಿಯದಂತೆ ಗ್ರೀಸು ಹಚ್ಚಿ, ಹೆಡ್ಡು ಬಿಗಿದು, ಪ್ಲಗ್ಗಿನ ತೂತು ಎಲ್ಲಕ್ಕಿಂತ ಮೇಲೆ ಬರುವಂತೆ ಗಾಡಿಯನ್ನು ವಾಲಿಸಿದೆವು. ಔಷಧಿ ಅಂಗಡಿಯಿಂದ ತಂದ 10 ಸಿ.ಸಿ.ಯ ಸಿರಿಂಜಿನಲ್ಲಿ ಎಣ್ಣೆ ತುಂಬಿ ತುಂಬಿ ಬಿಟ್ಟೆವು. ಕಡೆದ ಹೆಡ್ಡಿನಲ್ಲಿ 33 ಸಿ.ಸಿ. ಹಿಡಿಯಿತು. ಮೂಟೆಯಲ್ಲಿದ್ದ ಹಳೆಯ ಹೆಡ್ಡನ್ನು ತಂದು ಕೂರಿಸಿ ಅಳೆದರೆ 40 ಸಿ.ಸಿ. ಆಯಿತು. ಈಗ ಗಣಿತ. ಈ ಇಂಜಿನ್ನಿನ ಬೋರು 65 ಮಿ.ಮೀ., ಪಿಸ್ಟನ್ನಿನ ಓಡಾಟ 75 ಮಿ.ಮೀ. ವೃತ್ತದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದರೆ ಸುಮಾರು 249 ಸಿ.ಸಿ. ಹಳೆಯ ಹೆಡ್ಡಿನಲ್ಲಿ 249ಕ್ಕೆ 40 ಕೂಡಿಸಿ 40ರಿಂದ ಭಾಗಿಸಿದರೆ 7.2, ಅಂದರೆ ಮಿಶ್ರಣ 7.2ರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಕಡೆದ ಹೆಡ್ಡಿನಲ್ಲಿ 249ಕ್ಕೆ 33 ಕೂಡಿಸಿ 33ರಿಂದ ಭಾಗಿಸಿದರೆ 8.5. ಬಟ್ಟಲು ತಗ್ಗಿದ್ದು ಬರೀ 7 ಸಿ.ಸಿ., ಒಂದು ಚಮಚೆಗಿಂತ ತುಸು ಹೆಚ್ಚು. ಅದುಮುವ ಪ್ರಮಾಣ ಹೆಚ್ಚಿದ್ದು ಇಷ್ಟು! ಈ ಬೋರಿನಲ್ಲಿ ಒಂದು ಮಿಲಿಮೀಟರು ಕಡೆದರೆ ಸುಮಾರು 3.3 ಸಿ.ಸಿ. ಕಡಿಮೆಯಾಗುತ್ತದೆ. ಹಾಗಾಗಿ ಎರಡು ಮಿಲಿಮೀಟರಿಗೂ ಮೀರಿ ಕಡೆದಿದ್ದಾರೆಂದು ಲೇತಿನವರನ್ನು ಕೇಳದೆಯೇ ತಿಳಿಯಿತು. (ಎರಡು ಹೊಡೆತದ ಇಂಜಿನ್ನಿನಲ್ಲಿ ಕಂಡಿ ಮುಚ್ಚಿದ ಮೇಲಷ್ಟೇ ಅದುಮುವಿಕೆ ಆರಂಭವಾಗುವುದರಿಂದ ನಿಜವಾದ ಪ್ರಮಾಣ ಇದಕ್ಕಿಂತ ಕಡಿಮೆ, ಆದರೆ ಎರಡು ಹೆಡ್ಡುಗಳನ್ನು ಹೋಲಿಸಲು ಈ ಲೆಕ್ಕ ಸಾಕು.) ಪರೀಕ್ಷೆ ಮುಗಿದ ಮೇಲೆ ಹೆಡ್ಡು ಬಿಚ್ಚಿ ಎಣ್ಣೆ, ಗ್ರೀಸುಗಳನ್ನು ಪೂರ್ತಿಯಾಗಿ ಒರೆಸಬೇಕೆಂಬುದನ್ನು ಮರೆಯಬಾರದು.

ಏಳನೆಯದೇ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದ ಪರೀಕ್ಷೆ. ಜಾನ್ ಸ್ಟೂಅರ್ಟ್ ಮಿಲ್ ಅವರು 1843ರ ತಮ್ಮ ತರ್ಕಶಾಸ್ತ್ರ ಗ್ರಂಥದಲ್ಲಿ ವ್ಯತ್ಯಾಸ ವಿಧಾನವೆಂಬುದನ್ನು ವಿವರಿಸಿದ್ದಾರೆ: ಎರಡು ಸಂದರ್ಭಗಳಲ್ಲಿ ಉಳಿದುದೆಲ್ಲ ಒಂದೇ ಆಗಿದ್ದು, ಒಂದೇ ಒಂದು ಅಂಶ ಬೇರೆಯಾದಾಗ ಫಲವೂ ಬೇರೆಯಾದರೆ, ಆ ಅಂಶಕ್ಕೂ ಫಲಕ್ಕೂ ಕಾರ್ಯಕಾರಣ ಸಂಬಂಧವಿದೆ. ನಮ್ಮ ನೈಯಾಯಿಕರು ಅನ್ವಯ-ವ್ಯತಿರೇಕ ಎಂದು ಹೇಳುವುದೂ ಇದರ ನೆಂಟನೇ: ಇದ್ದಾಗ ಇರುವುದು, ಇಲ್ಲದಾಗ ಇಲ್ಲದಿರುವುದು. ಇವೆರಡನ್ನೂ ಓದದ ತಾತ ಮಾಡಿದ್ದು ಏನು? ಕ್ಯಾನುಗಳಿಗೆ ಹಾಲಿನ ಬದಲು ನೀರು ತುಂಬಿಸಿದರು. ಅದೇ ಏರು, ಅದೇ ತೂಕ, ಅದೇ ಗೇರು, ಅದೇ ಸವಾರ. ಮೊದಲು ಟ್ಯಾಂಕು ಬರಿದುಮಾಡಿ ಬಂಕಿನಲ್ಲಿ ಹೆಚ್ಚಿನ ಬೆಲೆಗೆ ಸಿಗುವ ಹೆಚ್ಚು ಆಕ್ಟೇನಿನ ಪೆಟ್ರೋಲನ್ನು, ಟು-ಟಿ ಎಣ್ಣೆಯನ್ನು ಮೊದಲಿನ ಅಳತೆಯಲ್ಲೇ ಬೆರೆಸಿ, ತುಂಬಿಸಿದರು. ಸದ್ದು ಅರ್ಧಕ್ಕೆ ಇಳಿಯಿತು. ಮತ್ತೆ ಮಾಮೂಲು ಪೆಟ್ರೋಲಿಗೆ ಬಂದು ಟೈಮಿಂಗನ್ನು ತುಸು ಹಿಂದಕ್ಕೆ ತಂದರು. ಕಿಡಿ ಪಿಸ್ಟನ್ನು ಮೇಲ್ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಹಾರುತ್ತದೆ. ಅದನ್ನು ತಡಮಾಡಿದರೆ ಒತ್ತಡ ಅಷ್ಟು ಏರದು. ಸದ್ದು ಇನ್ನೂ ಇಳಿಯಿತು. ಆದರೆ ಗಾಡಿ ಎಳೆಯುವುದು ಕಡಿಮೆಯಾಗಿ ಸೈಲೆನ್ಸರು ಹೆಚ್ಚು ಕಾದಿತು.

ಇಲ್ಲಿಗೆ ತೀರ್ಮಾನ ತಾನಾಗಿ ಬಂತು. ಸವೆದ ಬೇರಿಂಗಿಗೆ, ಸಡಿಲವಾದ ಪಿನ್ನಿಗೆ, ಹೆಡ್ಡಿಗೆ ತಾಗುವ ಪಿಸ್ಟನ್ನಿಗೆ ಪೆಟ್ರೋಲು ಯಾವುದಾದರೇನು? ಪೆಟ್ರೋಲು ಬದಲಿಸಿದರೆ ಬದಲಾಗುವ ಸದ್ದು ಲೋಹದ್ದಲ್ಲ, ಬೆಂಕಿಯದು. ಗ್ಯಾರೇಜಿನವರು ಹೇಳಿದ ಭಾಗಗಳಲ್ಲಿ ಒಂದನ್ನೂ ಬದಲಿಸಬೇಕಾಗಿರಲಿಲ್ಲ.

ಮದ್ದಿಗೆ ಎರಡು ದಾರಿಗಳಿದ್ದುವು. ಕಡೆದ ಹೆಡ್ಡಿನಡಿಯಲ್ಲಿ ಒಂದು ಮಿಲಿಮೀಟರು ಹೆಚ್ಚು ದಪ್ಪದ ತಾಮ್ರದ ಗ್ಯಾಸ್ಕೆಟ್ಟು ಕೊಟ್ಟರೆ ಪ್ರಮಾಣ ಸುಮಾರು 7.9ಕ್ಕೆ ಇಳಿಯುತ್ತಿತ್ತು; ಆದರೆ ಸಂದು 1.7 ಮಿ.ಮೀ.ಗೆ ಅಗಲವಾಗುತ್ತಿತ್ತು. ಇನ್ನೊಂದು, ಹಳೆಯ ಹೆಡ್ಡಿನ ಸವೆದ ಮರೆಗೆ ಒಳಬುಶ್ ಹಾಕಿಸಿ ಅದನ್ನೇ ಬಳಸುವುದು. ಹೊರೆ ಹೊರುವ ಗಾಡಿಗೆ ಎರಡನೆಯದೇ ಲೇಸೆಂದು ತಾತ ಹೇಳಿದರು. ಲೇತಿನ ಅಂಗಡಿಯಲ್ಲಿ ಅರ್ಧ ದಿನದ ಕೆಲಸವಾಯಿತು. ಟೈಮಿಂಗನ್ನು ಮೊದಲಿನ ಗುರುತಿಗೆ ತಂದು, ಮಾಮೂಲು ಪೆಟ್ರೋಲಿನಲ್ಲಿ ಅದೇ ಏರನ್ನು ಹತ್ತಿಸಿದರೆ ಟಿಣಟಿಣ ಇಲ್ಲ. ಆದರೆ ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದಾಗ ಸಣ್ಣದೊಂದು ಟಪಟಪ ಕೇಳುತ್ತದೆ, ಕಾದ ಮೇಲೆ ನಿಲ್ಲುತ್ತದೆ. ಅದು ಬೋರಿನ ವಯಸ್ಸಿನ ಸದ್ದು. ದೊಡ್ಡ ಸದ್ದು ಅಡಗಿದ ಮೇಲೆ ಸಣ್ಣದು ಕೇಳಿಸಿತು, ಅಷ್ಟೆ. "ಅದು ಮುಪ್ಪು, ರೋಗವಲ್ಲ, ಇನ್ನೂ ಎರಡು ಮಳೆಗಾಲ ಕಳೀಲಿ, ಆಮೇಲೆ ನೋಡೋಣ" ಎಂದು ತಾತನ ತೀರ್ಪು. ಹಾಲಿನ ವರ್ತನೆ ತಪ್ಪಿದ್ದು ಮೂರೇ ದಿನ. ಒಂದು ಮನೆಯೂ ಕೈಬಿಡಲಿಲ್ಲ.

ಓದುಗರಲ್ಲಿ ನಾಲ್ಕು ಹೊಡೆತದ ಗಾಡಿಯುಳ್ಳವರೇ ಹೆಚ್ಚಾಗಿರುವುದರಿಂದ ಅವರಿಗೂ ಎರಡು ಮಾತು. ಆ ಹೆಡ್ಡಿನಲ್ಲಿ ವಾಲ್ವುಗಳಿರುತ್ತವೆ. ಹೆಡ್ಡನ್ನು ಕಡೆದು ತಗ್ಗಿಸಿದರೆ ವಾಲ್ವುಗಳೂ ಪಿಸ್ಟನ್ನಿಗೆ ಹತ್ತಿರವಾಗುತ್ತವೆ; ಟ್ಯಾಪೆಟ್ಟಿನ ಸಂದೂ ಬದಲಾಗಬಹುದು. ಆದುದರಿಂದ ಮೇಲಿನಿಂದ ಬರುವ ಹಗುರವಾದ ಟಕಟಕ ಸದ್ದಿಗೆ ಮೊದಲು ಟ್ಯಾಪೆಟ್ಟನ್ನು ನೋಡಬೇಕು. ಪೆಟ್ರೋಲಿನ ಪರೀಕ್ಷೆ ಅಲ್ಲಿಯೂ ಸಲ್ಲುತ್ತದೆ. ಈಗಿನ ಅನೇಕ ಕಾರುಗಳಲ್ಲಿ ಇಂಜಿನ್ನಿಗೇ ಒಂದು ಕಿವಿಯನ್ನಿಟ್ಟಿದ್ದಾರೆ. ಬಡಿತದ ಕಂಪನವನ್ನು ಅದು ಗುರುತಿಸಿದ ಕೂಡಲೆ ಒಳಗಿನ ಕಂಪ್ಯೂಟರು ಕಿಡಿಯನ್ನು ತಡಮಾಡುತ್ತದೆ. ಫಿಟ್ಟರ್ ತಾತ ಪಾಯಿಂಟ್ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿ ಮಾಡಿದ ಕೆಲಸವೇ ಅದು.

ಪೆಟ್ರೋಲಿನ ವಿಚಾರದಲ್ಲಿಯೂ ಕಾಲ ಬದಲಾಗಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಕಬ್ಬು ಮತ್ತು ಧಾನ್ಯಗಳಿಂದ ತೆಗೆಯುವ ಎಥನಾಲಿನ ಆಕ್ಟೇನ್ ಸಂಖ್ಯೆ ನೂರಕ್ಕೂ ಹೆಚ್ಚು. ಆ ಮಟ್ಟಿಗೆ ಅದು ಬಡಿತಕ್ಕೆ ಶತ್ರು. ಆದರೆ ಅದರೊಳಗೇ ಆಮ್ಲಜನಕವಿರುವುದರಿಂದ, ಹಳೆಯ ಕಾರ್ಬೊರೇಟರಿನ ಜೆಟ್ಟನ್ನು ಬದಲಿಸದೆ ಬಳಸಿದರೆ ಮಿಶ್ರಣ ತೆಳುವಾಗಿ ಇಂಜಿನ್ನು ಹೆಚ್ಚು ಕಾಯುತ್ತದೆ. ಅದು ನೀರನ್ನೂ ಹೀರಿಕೊಳ್ಳುತ್ತದೆ. ಹಳೆಯ ರಬ್ಬರಿನ ಪೈಪು, ವಾಷರುಗಳಿಗೂ ಒಗ್ಗದು. ಹಳೆಯ ಗಾಡಿಯುಳ್ಳವರು ಪ್ಲಗ್ಗಿನ ಬಣ್ಣವನ್ನು ಆಗಾಗ ನೋಡುವ ಅಭ್ಯಾಸ ಇಟ್ಟುಕೊಂಡರೆ ಈ ಬದಲಾವಣೆಯನ್ನು ಅದೇ ಹೇಳಿಕೊಡುತ್ತದೆ.

ಇಷ್ಟನ್ನೂ ಬರೆಯುವಾಗ ನನ್ನನ್ನು ಕಾಡಿದ ಸಂಗತಿ ಬೇರೊಂದು. ತಾತ ನೂರಾರು ಇಂಜಿನ್ನುಗಳ ಬೇನೆಯನ್ನು ತಿಳಿದವರು. ಆದರೆ ತಿಳಿದುದನ್ನು ಒಂದು ಸಾಲೂ ಬರೆದಿಟ್ಟವರಲ್ಲ. ನಾವು ಪುಟಗಟ್ಟಲೆ ಬರೆಯಬಲ್ಲೆವು. ಆದರೆ ಮನೆಯ ಮುಂದೆ ನಿಂತ ಗಾಡಿಯ ಸದ್ದಿಗೆ ಯಾರೋ ಹೇಳಿದ ಕಾರಣವನ್ನು ನಂಬಿ ಹಣ ತೆರುತ್ತೇವೆ. ಕೈಯ ವಿದ್ಯೆಗೂ ಪುಸ್ತಕದ ವಿದ್ಯೆಗೂ ನಡುವೆ ಇಷ್ಟು ದೊಡ್ಡ ಗೋಡೆ ಏಕಿರಬೇಕು? ನಮ್ಮಂತೆ ಮೊದಲ ಬಾರಿಗೆ ಕಾಲೇಜಿಗೆ ಬಂದ ಮನೆಗಳವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ಒಬ್ಬೊಬ್ಬರ ಮನೆಯಲ್ಲಿಯೂ ಕಮ್ಮಾರಿಕೆಯೋ, ನೇಯ್ಗೆಯೋ, ಅಡಕೆ ಬೇಯಿಸುವುದೋ, ಪಂಪುಸೆಟ್ಟಿನ ರಿಪೇರಿಯೋ ಬಲ್ಲ ಹಿರಿಯರಿದ್ದಾರೆ. ಅವರು ಏನು ಮಾಡುತ್ತಾರೆಂಬುದನ್ನು ನೋಡಿ, ಏಕೆ ಮಾಡುತ್ತಾರೆಂಬುದನ್ನು ಕೇಳಿ, ಗ್ರಂಥಾಲಯದಲ್ಲಿ ಓದಿದುದರೊಡನೆ ಸೇರಿಸಿ ಕನ್ನಡದಲ್ಲಿ ಬರೆದಿಡುವುದು ನಮ್ಮಿಂದ ಆಗಬಹುದಾದ ಕೆಲಸ. ಮುಂದಿನ ವರ್ಷದ ಸಂಚಿಕೆಯಲ್ಲಿ ಅಂಥ ಹತ್ತು ಲೇಖನಗಳನ್ನು ಓದುವ ಭಾಗ್ಯ ನಮ್ಮ ಕಿರಿಯ ಮಿತ್ರರಿಗೆ ದೊರೆಯಲಿ.